ಹವಾಲಾದವನಿಗೆ ಮಾಡಿಟ್ಟ ಚಹಾ

ಮಕ್ತಲ್ ಸೀಮೆಯ ಮಹಾಜನರೇ, ಮಸ್ಕತ್ತಿನಲ್ಲಿ ಬೆವರು ಸುರಿಸುವ ಸಕಲ ಸರದಾರರೇ, ಲಾಲಿಸಿರಿ! ಇಂದು ನಾನು ಹವಾಲಾದವನನ್ನು ಬಿಟ್ಟು, ಮೊದಲ ಬಾರಿಗೆ ಕಾನೂನು ಪ್ರಕಾರ ಬ್ಯಾಂಕಿನಿಂದ ತಂಗಿಯ ಕಾಲೇಜು ಫೀಸು ಕಳಿಸಿದೆ.

ಸಂಜೆ ಅವ್ವನ ಫೋನು. "ಚಾ ಮಾಡಿಟ್ಟು ಬಾಗಿಲಾಗ ಕುಂತೀನಿ, ರೊಕ್ಕ ತರಾವ ಇನ್ನಾ ಬಂದಿಲ್ಲಲ್ಲೋ! ಫೀಜ್ ಕಟ್ಟಾಕ ನಾಳೇನ ಕಡೀ ದಿನ."

"ಯಾರೂ ಬರಂಗಿಲ್ಲವ್ವಾ. ನಿನ್ನ ಖಾತೆಗೇ ಬರ್ತೈತಿ."

"ಯಾಕ, ಬ್ಯಾಂಕಿನವ್ರು ನಮ್ಮನೀ ಚಾ ಕುಡಿಯಂಗಿಲ್ಲೇನು?"

ಅಷ್ಟರಲ್ಲಿ ಅವಳ ಫೋನಿಗೆ ಮೆಸೇಜು ಬಂತು. ತಂಗಿ ಓದಿ ಹೇಳಿದಳು. ಅವ್ವ ಅದನ್ನು ಇನ್ನೊಮ್ಮೆ ಓದಿಸಿದಳು.

"ನನ್ನ ಹೆಸರಿಗೇ ಬಂದೈತೇನ? ಹಂಗಾರ ಈ ಚಾ ನಾನ ಕುಡೀತೀನಿ."

ನನ್ನ ಕಾನೂನುಭಕ್ತಿಗೆ ಲೈಕು ಒತ್ತುವವರು ತುಸು ತಡೆಯಿರಿ. ಹವಾಲಾದವ ರೊಕ್ಕದ ಜೊತೆಗೆ ನಾನಿಲ್ಲಿ ಸಿಗರೇಟು ಸೇದುವ ಸುದ್ದಿಯನ್ನೂ ಅವ್ವನಿಗೆ ಮುಟ್ಟಿಸುತ್ತಿದ್ದ. ಬ್ಯಾಂಕು ಬರೀ ರೊಕ್ಕ ಮುಟ್ಟಿಸುತ್ತದೆ.