ಬಾಟಲಿಗೆ ಹಚ್ಚಿದ ವಿಭೂತಿ

ನನ್ನ ಅತ್ತೆ ತೀರಿಕೊಂಡು ವರ್ಷಗಳಾದವು. ಆಕೆಯ ನೇಮನಿಷ್ಠೆಯ ಮೇಲಿನ ನನ್ನ ಸಿಟ್ಟು ಮಾತ್ರ ಇನ್ನೂ ಆರಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ, ಇಳಕಲ್ಲಿನ ಆ ಮನೆಯಲ್ಲಿ ನಾನು ಬಾಣಂತಿ. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು. ಹುನಗುಂದದ ಡಾಕ್ಟರು ದಿನಕ್ಕೊಂದು ತತ್ತಿ ತಿನ್ನಲು ಹೇಳಿದರು. "ಲಿಂಗವಂತರ ಮನ್ಯಾಗ ಅಂಥ ಹೊಲಸು ನಡೆಂಗಿಲ್ಲ" ಎಂದು ಅತ್ತೆ ನನ್ನ ಬಾಯಿ ಮುಚ್ಚಿಸಿದಳು.

ಮಗ ನಡೆಯಲು ಕಲಿತಾಗ ಅವನ ಕಾಲು ಸೊಟ್ಟಗಿದ್ದವು. ಅದೇ ಡಾಕ್ಟರು ಕಾಡ್ ಮೀನಿನ ಎಣ್ಣೆ ಬರೆದುಕೊಟ್ಟರು. ಈ ಸಲ ಅತ್ತೆ ಅಡ್ಡಿ ಮಾಡಲಿಲ್ಲ. ದಿನಾ ಪೂಜೆ ಮುಗಿಸಿ, ಬಾಟಲಿಯ ಮೇಲಿನ ಮೀನಿನ ಚಿತ್ರ ಮುಚ್ಚುವಂತೆ ವಿಭೂತಿ ಹಚ್ಚಿ, ಮೊಮ್ಮಗನಿಗೆ ತಾನೇ ಕುಡಿಸುತ್ತಿದ್ದಳು.

ನೋಡಿ ನೋಡಿ ನನ್ನ ಮೈ ಉರಿಯುತ್ತಿತ್ತು. ಬಾಗಲಕೋಟೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು ನಾನು. ಒಂದು ಬೆಳಿಗ್ಗೆ ಬೇಕೆಂತಲೇ ಎದುರಿಗೆ ಕೂತು ಎಲ್ಲ ಹೇಳಿದೆ. ಈ ಮೀನು ಮೈ ಕೊರೆಯುವ ತಣ್ಣನೆಯ ಸಮುದ್ರದ ತಳದಲ್ಲಿ ಇರುತ್ತದೆ. ಗದ್ದಕ್ಕಿರುವ ಒಂದೇ ಮೀಸೆಯಿಂದ ನೆಲ ತಡಕಿ ಹುಳ, ಏಡಿ ತಿನ್ನುತ್ತದೆ. ಸಿಕ್ಕರೆ ತನ್ನದೇ ಜಾತಿಯ ಮರಿಗಳನ್ನೂ ನುಂಗುತ್ತದೆ. ಅದರ ಕೊಬ್ಬು ಕೂಡುವುದು ಮಾಂಸದಲ್ಲಲ್ಲ, ಪಿತ್ತಜನಕಾಂಗದಲ್ಲಿ. ಹೊಟ್ಟೆ ಸೀಳಿ, ಅದನ್ನು ಕಿತ್ತು ತೆಗೆದ ಎಣ್ಣೆ ಇದು.

"ನನ್ನ ತತ್ತಿ ಇದಕ್ಕಿಂತ ಹೊಲಸಿತ್ತೇನ್ರಿ?" ಎಂದು ಕೇಳಿದೆ.

ಅತ್ತೆಯ ಕೈಯಲ್ಲಿದ್ದ ಚಮಚದಿಂದ ಒಂದು ಹನಿಯೂ ಚೆಲ್ಲಲಿಲ್ಲ. ಎಣ್ಣೆ ಕುಡಿಸಿ, ಸೆರಗಿನಿಂದ ಕೂಸಿನ ಬಾಯಿ ಒರೆಸಿದಳು.

"ಇಂವ ನಮ್ಮ ಮನಿ ಕೂಸು" ಎಂದಳು. "ನೀ ಹೊರಗಿಂದ ಬಂದಾಕಿ."