ಪುಸ್ತಕ ಹೇಗಿದೆ ಎಂದು ಕೇಳಿದ ಮೇಷ್ಟ್ರು

ನಮ್ಮ ಕಾಮರ್ಸ್ ಮೇಷ್ಟ್ರಿಗೆ ಬಲಗಿವಿ ಕೇಳಿಸುತ್ತಿರಲಿಲ್ಲ. ಕ್ಲಾಸಿನಲ್ಲಿ ಯಾರಾದರೂ ಮಾತಾಡಲು ಎದ್ದು ನಿಂತರೆ ಅವರು ಕಟ್ಟೆಯಿಂದ ಇಳಿದು ಬೆಂಚುಗಳ ನಡುವೆ ಬಂದು, ಸೀಮೆಸುಣ್ಣ ಮೆತ್ತಿದ ಅಂಗೈಯನ್ನು ಎಡಗಿವಿಯ ಹಿಂದೆ ಬಟ್ಟಲಿನಂತೆ ಹಿಡಿದು, ನೆಲ ನೋಡುತ್ತ ನಿಲ್ಲುತ್ತಿದ್ದರು. ಮಾತು ಮುಗಿಯುವವರೆಗೂ ಅಲುಗಾಡುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಆ ಕಿವಿಯ ಸುತ್ತಲಿನ ಕೂದಲೆಲ್ಲ ಬೆಳ್ಳಗಾಗಿರುತ್ತಿತ್ತು. ಹೊಸದಾಗಿ ಸೇರಿದವರು ಅದನ್ನು ನರೆ ಎಂದುಕೊಳ್ಳುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಹೊಸನಗರದವಳು; ಸಾಗರದಲ್ಲಿ ದೂರದ ಸಂಬಂಧಿಕರ ಮನೆಯಲ್ಲಿದ್ದುಕೊಂಡು ಬಿ.ಕಾಂ. ಓದುತ್ತಿದ್ದೆ. ಮೇಷ್ಟ್ರ ಊರು ತೀರ್ಥಹಳ್ಳಿ. ಹೆಂಡತಿ ಮಕ್ಕಳು ಅಲ್ಲೇ ಇದ್ದರು. ಶನಿವಾರ ಮಧ್ಯಾಹ್ನ ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಟ್ಟೆಯ ಚೀಲ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ಬಿರಬಿರನೆ ಹೋಗುತ್ತಿದ್ದರು. ಸೋಮವಾರ ಮೊದಲ ಪೀರಿಯಡ್ಡಿಗೆ ವಾಪಸು ಹಾಜರು. ಕುರ್ಚಿಯಲ್ಲಿ ಕೂತು ಪಾಠ ಮಾಡಿದ್ದನ್ನು ನಾನು ನೋಡಿಲ್ಲ. ಯಾರಾದರೂ "ಗೊತ್ತಾಯ್ತು ಸಾರ್" ಅಂದರೆ ಅವರಿಗೆ ಅನುಮಾನ. "ಹಾಗಾದ್ರೆ ಪಕ್ಕದವನಿಗೆ ಹೇಳು ಮಾರಾಯ, ನಾನು ಕೇಳ್ತೀನಿ" ಎಂದು ಕೈಯನ್ನು ಕಿವಿಗೆ ತರುತ್ತಿದ್ದರು. ಹೇಳಲು ಹೊರಟವನಿಗೆ ಅರ್ಧದಲ್ಲೇ ತನಗೆ ಗೊತ್ತಿಲ್ಲವೆಂದು ಗೊತ್ತಾಗುತ್ತಿತ್ತು.

ಆಗ ಕಾಮರ್ಸಿಗೆ ಕನ್ನಡದಲ್ಲಿ ಪಠ್ಯಪುಸ್ತಕಗಳು ಅಪರೂಪ. ಮೇಷ್ಟ್ರೇ ಒಂದು ಬರೆದರು. ಅದರ ವಿಷಯ ಆ ಕಾಲಕ್ಕೆ ವಿಚಿತ್ರವಾಗಿತ್ತು. ಒಂದು ವ್ಯವಹಾರಕ್ಕೆ ಬಂಡವಾಳ, ಕಟ್ಟಡ, ಯಂತ್ರಗಳು ಹೇಗೆ ಆಸ್ತಿಯೋ ಹಾಗೆ ಅಲ್ಲಿನವರ ತಿಳಿವಳಿಕೆಯೂ ಆಸ್ತಿ. ಅದನ್ನು ಕೂಡಿಡಬೇಕು, ಹಂಚಬೇಕು, ಒಬ್ಬರು ಬಿಟ್ಟುಹೋದರೆ ಅದೂ ಹೊರಟುಹೋಗದಂತೆ ನೋಡಿಕೊಳ್ಳಬೇಕು. ಶಿವಮೊಗ್ಗದಲ್ಲಿ ಅಚ್ಚಾಗಿ ತಿಳಿನೀಲಿ ರಟ್ಟು ಹಾಕಿಕೊಂಡು ಬಂದ ಆ ಪುಸ್ತಕವನ್ನು ನಮಗೆ ಒಂದು ಟರ್ಮು ಪೂರ್ತಿ ಪಾಠ ಮಾಡಿ, ಕೊನೆಗೊಂದು ದಿನ ಮೇಷ್ಟ್ರು ಅದನ್ನು ಮೇಜಿನ ಮೇಲಿಟ್ಟು ಕೇಳಿದರು: "ಓದಿದ್ದೀರಿ. ಈಗ ಹೇಳಿ, ಹೇಗಿದೆ?"

ಹುಡುಗರನ್ನು ಹೀಗೆ ಕೇಳುವುದು ಅಂದಿನ ಪದ್ಧತಿಯಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬರು, "ಹುಡುಗರ ಕೈಲಿ ಮಾರ್ಕ್ಸ್ ಹಾಕಿಸ್ಕೊಳ್ತೀರಾ?" ಎಂದು ನಕ್ಕರಂತೆ. "ಓದೋರು ಅವರು. ಇನ್ಯಾರನ್ನ ಕೇಳ್ಲಿ?" ಎಂದರಂತೆ ಮೇಷ್ಟ್ರು.

ಮೊದಲಿಗೆ ಎಲ್ಲರೂ ಹೊಗಳಿದರು. ಒಬ್ಬ, "ಅಕ್ಷರ ದಪ್ಪ ಇದೆ ಸಾರ್, ಓದಕ್ಕೆ ಒಳ್ಳೇದು" ಎಂದ. ಇನ್ನೊಬ್ಬ, "ಪರೀಕ್ಷೆ ಪ್ರಶ್ನೆಗೆ ಉತ್ತರ ಬೇಗ ಸಿಗತ್ತೆ" ಎಂದ. "ಪರೀಕ್ಷೆ ಮುಗಿದ ಮೇಲೆ ಎಂತ ಸಿಗತ್ತೆ?" ಎಂದು ಮೇಷ್ಟ್ರು ಕೇಳಿದ್ದಕ್ಕೆ ಅವನು ಸ್ವಲ್ಪ ಯೋಚಿಸಿ ಕೂತುಕೊಂಡ. ಮೇಗರವಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗನೊಬ್ಬ ಧೈರ್ಯ ಮಾಡಿದ. "ಸಾರ್, ಸಂವಹನ, ಸಮನ್ವಯ, ಸಂಘಟನೆ, ಸಂಯೋಜನೆ... ಯಾವುದು ಯಾವುದು ಅಂತ ಗೊತ್ತಾಗಲ್ಲ. ನೀವು ಬಾಯಲ್ಲಿ ಹೇಳಿದ್ರೆ ತಿಳಿಯತ್ತೆ. ಪುಸ್ತಕದಲ್ಲಿ ಬೇರೆ ಯಾರೋ ಮಾತಾಡ್ದಂಗಿರತ್ತೆ." ಕ್ಲಾಸು ನಕ್ಕಿತು. ಮೇಷ್ಟ್ರು ನಗಲಿಲ್ಲ. "ಇನ್ನೊಂದ್ ಸಲ ಹೇಳು" ಎಂದು ಅವನ ಹತ್ತಿರ ಹೋಗಿ ಪೂರ್ತಿ ಕೇಳಿಸಿಕೊಂಡರು.

ಆಮೇಲೆ ನಾನು ಎದ್ದೆ. ಏಳಬೇಕೆಂದು ಮೊದಲೇ ಅಂದುಕೊಂಡಿರಲಿಲ್ಲ.

ಹೊಸನಗರದಲ್ಲಿ ನಮ್ಮದೊಂದು ಬೇಕರಿ ಇತ್ತು. ಅಪ್ಪ ಹಾಸನದ ಕಡೆಯಿಂದ ಬಂದು ಹಾಕಿದ್ದು. ಸುತ್ತಲಿನ ಹಳ್ಳಿಯ ಅಂಗಡಿಗಳಿಗೆ ಬಸ್ಸಿನಲ್ಲಿ ಬ್ರೆಡ್ಡು, ಬನ್ನು ಹೋಗುತ್ತಿದ್ದವು. ಆ ವರ್ಷ ಮಳೆಗಾಲದ ಮೊದಲಲ್ಲೇ, ಎದೆನೋವು ಎಂದು ಬೆಂಚಿನ ಮೇಲೆ ಕೂತ ಅಪ್ಪ ಮತ್ತೆ ಏಳಲಿಲ್ಲ. ಅವರು ಹೋದ ಮೇಲೆ ಹಿಟ್ಟು ಉಬ್ಬುವುದೇ ನಿಂತಿತು. ಅದೇ ಮೈದಾ, ಅದೇ ಒಲೆ. ಬರುತ್ತಿದ್ದದ್ದು ಇಟ್ಟಿಗೆಯಂಥ ಬ್ರೆಡ್ಡು. ಅಂಗಡಿಯವರು ಒಬ್ಬೊಬ್ಬರಾಗಿ ಬೇಡವೆಂದರು. ಊರಿಂದ ಬಂದಿದ್ದ ಚಿಕ್ಕಪ್ಪ ಬೇಕರಿ ಮಾರಿ ಎಲ್ಲರನ್ನೂ ಹಾಸನಕ್ಕೆ ಕರೆದುಕೊಂಡು ಹೋಗುವ ಯೋಚನೆಯಲ್ಲಿದ್ದರು. ನನ್ನ ಓದು ಅಲ್ಲಿಗೆ ಮುಗಿದಂತೆ.

"ಸಾರ್, ಏಳನೇ ಪಾಠ ಸರಿಯಿಲ್ಲ" ಎಂದೆ.

ಮೇಷ್ಟ್ರು ನನ್ನ ಬೆಂಚಿನ ಬಳಿ ಬಂದು ನಿಂತರು. "ಎಂತ ಸರಿಯಿಲ್ಲ?"

"ಗೊತ್ತಿರೋದನ್ನೆಲ್ಲ ಕಡತದಲ್ಲಿ ಬರೆದಿಡಬೇಕು ಅಂತ ಬರೆದಿದ್ದೀರಿ. ಬರೆದಿಡದೇ ಹೋದ್ರೆ ಏನು ಮಾಡ್ಬೇಕು ಅಂತ ಬರೆದಿಲ್ಲ. ನಮ್ಮಪ್ಪ ಏನೂ ಬರೆದಿಡಲಿಲ್ಲ. ಒಲೆ ಇದೆ, ಕೆಲಸದವರಿದ್ದಾರೆ, ಬ್ರೆಡ್ಡು ಮಾತ್ರ ಬರ್ತಿಲ್ಲ. ನಮ್ಮಂಥವರಿಗೆ ಈ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ."

ಮೇಷ್ಟ್ರು ತಕ್ಷಣ ತಲೆ ಎತ್ತಲಿಲ್ಲ. "ಹೌದು. ಇಲ್ಲ" ಎಂದರು ಮೆಲ್ಲಗೆ. ಪಾಠ ಅಲ್ಲಿಗೇ ನಿಂತಿತು.

ಹೊರಗೆ ವರಾಂಡದಲ್ಲಿ ಕರೆದು, "ಭಾನುವಾರ ಊರಿಗೆ ಹೋಗ್ತೀಯಾ?" ಎಂದು ಕೇಳಿದರು.

"ಹೋಗ್ತೀನಿ ಸಾರ್. ಈ ಸಲ ಹೋದ್ರೆ ವಾಪಸ್ ಬರಲ್ಲ. ಬೇಕರಿ ಮಾರೋ ಬದ್ಲು ನಾನೇ ನಿಂತು ನೋಡ್ಕೋತೀನಿ. ಅಮ್ಮನಿಗೆ ಇನ್ನೂ ಹೇಳಿಲ್ಲ."

ಅವರು ಅದರ ಬಗ್ಗೆ ಏನೂ ಅನ್ನಲಿಲ್ಲ. "ನಾನೂ ಬರ್ತೀನಿ. ಉತ್ತರ ನಂಗೂ ಗೊತ್ತಿಲ್ಲ. ನೋಡಣ" ಎಂದರು.

ಆ ವಾರ ಅವರು ತೀರ್ಥಹಳ್ಳಿಗೆ ಹೋಗಲಿಲ್ಲ. ಭಾನುವಾರ ಬೆಳಗಿನ ಬಸ್ಸಿನಲ್ಲಿ ಹೊಸನಗರದಲ್ಲಿ ಇಳಿದು, ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡು ನಮ್ಮ ಬೇಕರಿ ಹುಡುಕಿಕೊಂಡು ಬಂದರು. ಚಿಕ್ಕಪ್ಪನಿಗೆ ಇದು ಹಿಡಿಸಲಿಲ್ಲ.

"ಕಾಲೇಜ್ ಮೇಷ್ಟ್ರಿಗೆ ಬೇಕರಿ ವಿಷ್ಯ ಏನ್ ಗೊತ್ತು ಸ್ವಾಮಿ?"

"ಎಂತದೂ ಗೊತ್ತಿಲ್ಲ. ಅದಕ್ಕೇ ಕೇಳಕ್ಕೆ ಬಂದಿದ್ದೀನಿ" ಎಂದು ಮೇಷ್ಟ್ರು ಬೆಂಚಿನ ಮೇಲೆ ಕೂತರು.

ನಾನು ಮಳೆಯಲ್ಲೇ ಹೋಗಿ ಹಾಲು ತಂದು, ಕಾಫಿಯಾದ ಮೇಲೆ ಒಲೆಯ ಕೋಣೆಗೆ ಹೋದೆವು. ಅಲ್ಲಿದ್ದವರು ಮಂಜಣ್ಣ. ಮೇಳಿಗೆಯವರು, ಅಪ್ಪನ ಜೊತೆ ಬಹಳ ವರ್ಷ ಕೆಲಸ ಮಾಡಿದವರು. ಬ್ರೆಡ್ಡು ಕೆಟ್ಟದ್ದೆಲ್ಲ ತನ್ನಿಂದಲೇ ಎಂಬಂತೆ ಆ ದಿನಗಳಲ್ಲಿ ಕುಗ್ಗಿಹೋಗಿದ್ದರು. "ನಂಗೆಂತ ಗೊತ್ತು ಸಾರ್. ನಾದೋದು, ಒಲೆಗೆ ಸೌದೆ ಹಾಕೋದು, ಅಷ್ಟೇ ನನ್ ಕೆಲ್ಸ. ಹಿಟ್ಟು ಕಲ್ಸೋದು ಯಜಮಾನ್ರೇ."

"ಅವರು ಕಲಸ್ತಿದ್ದಾಗ ನೀವೆಲ್ಲಿ ನಿಂತಿರ್ತಿದ್ರಿ?"

"ಇಲ್ಲೇ, ಈ ಕಂಬದ್ ಹತ್ರ."

"ಹಾಗಾದ್ರೆ ಅಲ್ಲೇ ನಿಲ್ಲಿ. ಗೊತ್ತಿದೆಯೋ ಇಲ್ವೋ ಅನ್ನೋದು ಬಿಡಿ. ಎಂತ ಕಾಣ್ತಿತ್ತು ಅಷ್ಟು ಹೇಳಿ."

ಮಂಜಣ್ಣ ಕಂಬಕ್ಕೆ ಒರಗಿ ನಿಂತು ಹಿಟ್ಟು ಕಲಸುವ ಖಾಲಿ ಮರಿಗೆಯ ಕಡೆ ನೋಡಿದರು. ನಿಧಾನವಾಗಿ ಮಾತು ಬಂತು. ಯಜಮಾನರ ಬೆನ್ನು ಕಾಣುತ್ತಿತ್ತು. ಹಿಂದಿನ ದಿನದ ಹುಳಿಹಿಟ್ಟಿನ ಮುದ್ದೆಯನ್ನು ಮೂಸಿ ನೋಡುತ್ತಿದ್ದರು. ಬಲಗಡೆ ಒಂದು ಚೊಂಬು ಇರುತ್ತಿತ್ತು.

"ಚೊಂಬಿನಲ್ಲಿ ಎಂತ?"

"ನೀರೇ ಇರ್ಬೇಕು. ನಾನೂ ಬಾವಿ ನೀರೇ ಹಾಕ್ತಾ ಇದೀನಿ."

"ಬಾವಿ ನೀರಲ್ಲ" ಎಂಬ ಮಾತು ಮನೆಯ ಕಡೆಯ ಬಾಗಿಲಿನ ಹಿಂದಿನಿಂದ ಬಂತು. ಅಮ್ಮನ ದನಿ. "ಮಳೆ ಹಿಡಿದ ಮೇಲೆ ಹಂಡೆಯಿಂದ ಬಿಸಿನೀರು ಕೇಳೋರು. ದಿನಾ ನಾನೇ ಕೊಡ್ತಿದ್ದೆ. ಕೈ ತೊಳೆಯಕ್ಕೆ ಅಂದ್ಕೊಂಡಿದ್ದೆ."

ಮಂಜಣ್ಣ ತಿರುಗಿ ನೋಡಿದರು. "ಬಿಸಿನೀರಾ ಅಮ್ಮ?"

ಮಳೆಗಾಲದ ತಣ್ಣನೆಯ ಬಾವಿ ನೀರಿಗೆ ಹಿಟ್ಟು ಉಬ್ಬುತ್ತಿರಲಿಲ್ಲ, ಅಷ್ಟೇ. ಒಂದೇ ಗೋಡೆಯ ಈಚೆ ಒಬ್ಬರಿಗೆ ಚೊಂಬು ಗೊತ್ತಿತ್ತು, ಆಚೆ ಒಬ್ಬರಿಗೆ ಬಿಸಿನೀರು ಗೊತ್ತಿತ್ತು. ಅಪ್ಪ ತೀರಿಕೊಂಡಾಗಿನಿಂದ ಅವರಿಬ್ಬರೂ ಒಬ್ಬರನ್ನೊಬ್ಬರು ಕೇಳಿರಲಿಲ್ಲ.

ಮೇಷ್ಟ್ರು ಬಾಗಿಲಿನ ಕಡೆ ತಿರುಗಿ, "ತಾಯೀ, ಒಳಗಿಂದ ಹೇಳ್ಬೇಡಿ. ನಂಗೆ ಒಂದು ಕಿವಿ ಕೇಳಲ್ಲ. ಇಲ್ಲಿ ಬನ್ನಿ" ಎಂದರು.

ಗಂಡಸರಿದ್ದಾಗ ಅಮ್ಮ ಒಲೆಯ ಕೋಣೆಗೆ ಬರುತ್ತಿರಲಿಲ್ಲ. ಅವತ್ತು ಸೆರಗು ಹೊದ್ದುಕೊಂಡು ಹೊಸ್ತಿಲು ದಾಟಿ ಬಂದಳು. ಹಂಡೆಯಿಂದ ನೀರು ತಂದು ಬೆರಳಿಟ್ಟು ನೋಡಿ, "ಕುದಿಯೋದಲ್ಲ. ಬೆರಳು ತಡ್ಕೊಳೋ ಹಾಗಿರ್ಬೇಕು" ಎಂದಳು. ಮರಿಗೆಗೆ ಕಂಬಳಿ ಮುಚ್ಚಿ ಒಲೆಯ ಪಕ್ಕ ಇಡುತ್ತಿದ್ದದ್ದು ಮಂಜಣ್ಣನಿಗೆ ನೆನಪಾಯಿತು. ಉಪ್ಪನ್ನು ಅಪ್ಪ ಕೊನೆಗೆ ಹಾಕುತ್ತಿದ್ದರೆಂದು ನಾನು ಹೇಳಿದೆ. ಚಿಕ್ಕಂದಿನಲ್ಲಿ ನನ್ನ ಕೈಯಿಂದಲೇ ಹಾಕಿಸುತ್ತಿದ್ದರು. "ಹೌದಾ?" ಎಂದು ಮಂಜಣ್ಣನಿಗೆ ಆಶ್ಚರ್ಯ. ಒಲೆ ಕಾದಿದೆಯೋ ಇಲ್ಲವೋ ನೋಡಲು ಯಜಮಾನರು ಚಿಟಿಕೆ ಹಿಟ್ಟು ಒಳಗೆ ಎಸೆದು ಅದು ಕೆಂಪಾಗುವುದನ್ನು ಕಾಯುತ್ತಿದ್ದರೆಂದು ಅವರು ಹೇಳಿದಾಗ ಆಶ್ಚರ್ಯ ನಮಗೆ.

ಹೀಗೆ ಹೇಳುತ್ತ ಕೇಳುತ್ತ ಹಿಟ್ಟು ಕಲಸಿದ್ದಾಯಿತು. ಮೇಷ್ಟ್ರು ಮಧ್ಯೆ ಮಧ್ಯೆ, "ಆಮೇಲೆ?" ಎನ್ನುತ್ತಿದ್ದರು, ಅಷ್ಟೇ. ಮಧ್ಯಾಹ್ನ ಕಂಬಳಿ ಎತ್ತಿದಾಗ ಹಿಟ್ಟು ಮರಿಗೆಯ ಅಂಚಿನವರೆಗೆ ಬಂದಿತ್ತು. ಮಂಜಣ್ಣ ಅದನ್ನು ಮುಟ್ಟದೆ ಸುಮ್ಮನೆ ನೋಡುತ್ತ ನಿಂತರು. ಬೆಂದು ಬಂದ ಬ್ರೆಡ್ಡು ಒಂದು ಕಡೆ ತಗ್ಗಿತ್ತು, ತಳ ಸ್ವಲ್ಪ ಸೀದಿತ್ತು. ಅಮ್ಮ ಮುರಿದು ಬಾಯಿಗೆ ಹಾಕಿಕೊಂಡು, "ಅವರದ್ದಲ್ಲ. ಆದ್ರೆ ಅದರ ಹತ್ರ ಬಂದಿದೆ" ಎಂದಳು. ಕಣ್ಣೊರೆಸಿಕೊಳ್ಳಲು ಕೈಯಲ್ಲೆಲ್ಲ ಹಿಟ್ಟು. ಚಿಕ್ಕಪ್ಪ ಒಂದು ತುಂಡು ತಿಂದು, ಇನ್ನೊಂದು ತುಂಡಿಗೆ ಕೈಚಾಚಿದರು. ಬೇಕರಿ ಮಾರುವ ಮಾತನ್ನು ಅವತ್ತು ಎತ್ತಲಿಲ್ಲ.

ಸರಿಯಾದ ಬ್ರೆಡ್ಡು ಬರಲು ಮತ್ತೂ ಕೆಲವು ವಾರ ಹಿಡಿಯಿತು. ಬೇಡವೆಂದ ಅಂಗಡಿಗಳಲ್ಲಿ ಕೆಲವು ಮತ್ತೆ ಬರಲೇ ಇಲ್ಲ. ಆದರೂ ಬೇಕರಿ ನಿಂತುಕೊಂಡಿತು. ಅಮ್ಮ ಒಲೆಯ ಕೋಣೆಯಲ್ಲೇ ಉಳಿದಳು. "ನೀನು ಹೋಗು, ಪರೀಕ್ಷೆ ಬಂತು" ಎಂದು ನನ್ನನ್ನು ಸಾಗರದ ಬಸ್ಸು ಹತ್ತಿಸಿದವಳೂ ಅವಳೇ. ಕಾಲೇಜು ಬಿಡುವ ವಿಷಯ ಹೇಳಲು ನನಗೆ ಸಂದರ್ಭವೇ ಬರಲಿಲ್ಲ.

ಮೇಷ್ಟ್ರು ಪುಸ್ತಕವನ್ನು ಮತ್ತೆ ಬರೆಯಲು ಕೂತರು. ಕ್ಲಾಸು ಮುಗಿದ ಮೇಲೆ ನಮ್ಮಲ್ಲಿ ಒಬ್ಬೊಬ್ಬರನ್ನು ಕರೆದು ಹೊಸ ಪುಟಗಳನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ನಾವು ತೊದಲಿದಲ್ಲಿ ಕೆಂಪು ಪೆನ್ಸಿಲಿನಿಂದ ಗೆರೆ. "ಸಾರಿ ಸಾರ್" ಅಂದರೆ, "ನೀನು ತಡವರಿಸಿದ ಜಾಗ ನನ್ನ ತಪ್ಪು ಮಾರಾಯ್ತಿ, ನಿಂದಲ್ಲ" ಎನ್ನುತ್ತಿದ್ದರು. ಮೇಗರವಳ್ಳಿಯ ಹುಡುಗನಿಗಂತೂ ಪ್ರತಿ ಪಾಠ ಓದುವ ಕೆಲಸ. ಸಮನ್ವಯವೂ ಸಂಯೋಜನೆಯೂ ಹೋಗಿ ಅಲ್ಲಲ್ಲಿ "ಹೊಂದಿಸಿಕೊಳ್ಳುವುದು", "ಒಟ್ಟುಮಾಡುವುದು" ಬಂದವು. ಮುಂಬಯಿಯ ಗಿರಣಿಗಳ ಉದಾಹರಣೆಗಳು ಕಡಿಮೆಯಾದವು. ಏಳನೇ ಪಾಠದಲ್ಲಿ ಊರಿನ ಹೆಸರಿಲ್ಲದ ಒಂದು ಚಿಕ್ಕ ಬೇಕರಿ ಬಂತು. ಎರಡನೇ ಮುದ್ರಣದ ಪ್ರತಿ ಕೊಡುವಾಗ ಮೇಷ್ಟ್ರು ಕೇಳಿದ್ದು ಮತ್ತದೇ: "ಓದಿ ಹೇಳು, ಹೇಗಿದೆ?"

ನಾನು ಮುಂದೆ ಓದಿ, ಹೊಸನಗರಕ್ಕೇ ಬಂದು ಕಾಮರ್ಸ್ ಪಾಠ ಹೇಳತೊಡಗಿದೆ. ಮೇಷ್ಟ್ರು ನಿವೃತ್ತರಾಗಿ ತೀರ್ಥಹಳ್ಳಿ ಸೇರಿದರು. ಎಂಬತ್ತರ ದಶಕದ ಕೊನೆಯಲ್ಲಿ ಪಠ್ಯ ಬದಲಾಗಿ ಅವರ ಪುಸ್ತಕ ಹೋಯಿತು. ಸುದ್ದಿ ಹೇಳಲು ನಾನೇ ಹೋದೆ. ಮೇಷ್ಟ್ರು ಕಾಯಿಲೆ ಬಿದ್ದು ಬಹಳ ಇಳಿದುಹೋಗಿದ್ದರು. ಕೇಳಿ, "ಹೊಸ ಪುಸ್ತಕ ಹೇಗಿದೆಯಂತೆ? ಹುಡುಗ್ರು ಎಂತ ಅಂತಾರೆ?" ಎಂದರು. ನಾನಿನ್ನೂ ಅವರನ್ನು ಕೇಳಿಲ್ಲವೆಂದೆ. "ಕೇಳು" ಎಂದರು. ನನಗೆ ಅವರು ಹೇಳಿದ ಕೊನೆಯ ಮಾತು ಅದೇ.

ಕೆಲವು ತಿಂಗಳಲ್ಲಿ ಮೇಷ್ಟ್ರು ತೀರಿಕೊಂಡರೆಂದು ಸುದ್ದಿ ಬಂತು. ಅಮ್ಮ ಬೇಕರಿಗೆ ಬೀಗ ಹಾಕಿ ನನ್ನ ಜೊತೆ ಹೊರಟಳು. ತೀರ್ಥಹಳ್ಳಿಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ಹೇಳಿದಳು:

"ಅವತ್ತು ಅವರು ಬಂದಾಗ ನಿನ್ನನ್ನ ಹಾಲು ತರಕ್ಕೆ ಕಳಿಸಿದ್ದೆ ನೋಡು, ಆಗ ನನ್ನ ಹತ್ರ ಮಾತಾಡಿದ್ರು. ‘ನಿಮ್ಮ ಮಗಳು ಕಾಲೇಜು ಬಿಡ್ತಾಳಂತೆ, ನಿಮಗೆ ಹೇಳಿಲ್ವಂತೆ. ಅವಳು ಓದ್ಬೇಕಂದ್ರೆ ಈ ಒಲೆ ನೀವು ನೋಡ್ಕೋಬೇಕಾಗತ್ತೆ. ಆಗತ್ತಾ ತಾಯೀ?’ ಅಂತ ಕೇಳಿದ್ರು."

ಇಷ್ಟು ವರ್ಷ ಈ ಮಾತು ನನಗೆ ಗೊತ್ತಿರಲಿಲ್ಲ. "ನೀನೇನಂದೆ?" ಎಂದೆ.

"ಆಗಲ್ಲ ಅಂದೆ. ನಂಗೇನು ಬರತ್ತೆ ಅಂದೆ. ಅವರು ಆಯ್ತು ಅಂತ ತಲೆ ಆಡಿಸಿ ಸುಮ್ಮನಾದ್ರು, ಬಲವಂತ ಮಾಡ್ಲಿಲ್ಲ. ಆಮೇಲೆ ನೀನು ಹಾಲು ತಗೊಂಡು ನೆನ್ಕೊಂಡು ಬಂದೆ. ನಿನ್ನ ಮುಖ ನೋಡ್ದೆ. ಇಲ್ದಿದ್ರೆ ಅಷ್ಟು ಜನ ಗಂಡಸರ ಮಧ್ಯೆ ಬಾವಿ ನೀರಲ್ಲ ಅಂತ ನಾನ್ಯಾಕೆ ಬಾಯಿ ಬಿಡ್ತಿದ್ದೆ?"