ಕಲ್ಲಿನ ದನಿ ಬಲ್ಲ ಮುಮತಾಜ

ಬೆಳಗಿನ ಆರೂವರೆ. ತಿಕೋಟಾ ಊರಾಚೆ ದ್ರಾಕ್ಷಿ ಒಣಗಿಸುತ್ತಿದ್ದ ಹಳೆಯ ಶೆಡ್ಡೊಂದಿದೆ. ಅದರ ಹಸಿರು ಪರದೆಯಿಂದ ಬೆಳಕು ಸೋಸಿ ಸೋಸಿ ಒಳಗಿಳಿಯುತ್ತಿದೆ. ನೆಲ ಹಸಿರು, ಕೊಡದ ನೀರು ಹಸಿರು, ಒಳಗೆ ಕೂತ ಹೆಣ್ಣುಮಗಳ ಮುಖವೂ ತೆಳು ಹಸಿರು. ಪತ್ರಿಕೆಗೆ ಬರೆಯಲು ಬಂದ ನನಗೆ ಕೆರೆಯ ತಳಕ್ಕಿಳಿದು ಕೂತಂತೆ ಅನಿಸುತ್ತದೆ. ತಿರುಗುವ ಚಕ್ರದ ಮೇಲೆ ತಲೆಕೆಳಗಾಗಿ ತೂಗುಹಾಕಿದ ಸಲೈನ್ ಬಾಟಲಿಯಿಂದ ಹನಿ ಹನಿ ನೀರು ಬೀಳುತ್ತಿದೆ. ಬೆರಳಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಂಡ ಮುಮತಾಜ ನದಾಫ ಒಂದು ಕಲ್ಲನ್ನು ಆ ಚಕ್ರಕ್ಕೆ ಒತ್ತುತ್ತಾರೆ. ಏಳುವ ಕರ್ಕಶಕ್ಕೆ ನಾನು ಎರಡೂ ಕಿವಿ ಮುಚ್ಚಿಕೊಳ್ಳುತ್ತೇನೆ. ಆಕೆಯ ಹುಬ್ಬು ಕೂಡ ಅಲುಗುವುದಿಲ್ಲ.

ಕಲ್ಲು ಅಂದರೆ ಹಕೀಕ, ಇಂಗ್ಲಿಷಿನ ಅಗೇಟ್. ಉಂಗುರಕ್ಕೆ, ಜಪದ ತಸಬಿಗೆ, ಕೊರಳ ಸರಕ್ಕೆ ಹೋಗುವಂಥದ್ದು. ಕನಮಡಿ ಕಡೆಯ ಹೊಲ ಹಸನು ಮಾಡುವಾಗ ಸಿಗುತ್ತದಂತೆ. ಹೊರಗಿನಿಂದ ಮಣ್ಣು ಮೆತ್ತಿದ ಬಟಾಟೆ. ದಾರಿಯಲ್ಲಿ ಬಿದ್ದಿದ್ದರೆ ನಾನು ಒದ್ದು ಮುಂದೆ ಹೋಗುತ್ತಿದ್ದೆ. ಕಟರ್ ಹಿಡಿದು ಅದರ ಸಿಪ್ಪೆ ತೆಗೆದು, ಚೂಪು ಮೂಲೆಗಳನ್ನೆಲ್ಲ ಚಕ್ರಕ್ಕೆ ಕೊಟ್ಟು ಉರುಟು ಮಾಡುವುದು ಮುಮತಾಜರ ಕೆಲಸ. ಆಮೇಲೆ ಕಲ್ಲು ವಿಜಯಪುರಕ್ಕೆ ಹೋಗಿ, ಮಸೆಯುವ ಪುಡಿ ಮತ್ತು ನೀರಿನ ಜೊತೆ ಡ್ರಮ್ಮಿನಲ್ಲಿ ನಾಲ್ಕು ವಾರ ಉರುಳಿ ಹೊಳಪು ಪಡೆಯುತ್ತದೆ. ಅಂಗಡಿಯ ಗಾಜಿನೊಳಗೆ ಕೂತ ಮೇಲೆ ಈ ಶೆಡ್ಡನ್ನು ಯಾರು ನೆನೆಯುತ್ತಾರೆ? ಇಷ್ಟು ದಿನ ನಾನೂ ನೆನೆದವಳಲ್ಲ.

ಮುಮತಾಜ ಮೋಟಾರು ನಿಲ್ಲಿಸಿ, ಕಲ್ಲನ್ನು ಕೊಡದಲ್ಲಿ ಅದ್ದಿ ನನ್ನ ಮುಂದೆ ಹಿಡಿಯುತ್ತಾರೆ. ಕೆಳಗೆ ಕೆಂಪು ಗೆರೆ, ಅದರ ಮೇಲೆ ಹೊಗೆಬಣ್ಣ, ನಡುವೆ ಒಂದೆರಡು ಹಳದಿ ಚುಕ್ಕೆ.

"ನೋಡ್ರಿ ಅಕ್ಕಾರ, ಇದರಾಗ ಸಂಜಿ ಆಗಾಕತ್ತೈತಿ. ಆ ಕಡೆ ಒಂದ್ ಊರ ಐತಿ, ದೀಪ ಹಚ್ಯಾರ. ಇಂಥಾವು ದಿನಾ ಅರವತ್ತು ಊರ ನೋಡತೇನಿ ನಾ. ಬಸ್ ಚಾರ್ಜ್ ಸುದ್ದಿನ ಇಲ್ಲ!"

ನೀರು ಆರುತ್ತಿದ್ದಂತೆ ಊರು ಮಂಕಾಗುತ್ತದೆ. ಮತ್ತೆ ಅದ್ದಿ ತೋರಿಸಿ ಎಂದು ನಾನು ಮಗುವಿನಂತೆ ಹಟ ಹಿಡಿಯುತ್ತೇನೆ. ಆಕೆ ನಗುತ್ತ ಅದ್ದುತ್ತಾರೆ.

ನಲವತ್ತನಾಲ್ಕರ ಮುಮತಾಜರ ತವರು ಹೊನವಾಡ. ಈ ಕೆಲಸ ಕಲಿಸಿದವರು ಗಂಡ ಗೈಬುಸಾಬ. ಅವರು ವರ್ಷಗಟ್ಟಲೆ ಒಣ ಕಲ್ಲನ್ನೇ ಕೊರೆದರು, ಧೂಳು ಎದೆಗಿಳಿಯಿತು. ಡಾಕ್ಟರು ಮಿಷಿನ್ನಿನ ಹತ್ತಿರ ಸುಳಿಯಬೇಡಿ ಎಂದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುತ್ತಾರೆ. ಮಿಷಿನ್ನಿಗೆ ಹೆಂಡತಿ ಕೂತರು, ಜೊತೆಗೆ ಧೂಳು ಅಡಗಿಸಲು ಸಲೈನ್ ಬಾಟಲಿ ಬಂತು. ಹನ್ನೊಂದು ವರ್ಷದಿಂದ ದಿನಕ್ಕೆ ಐದು ತಾಸು, ಅರವತ್ತು ಕಲ್ಲು. ಕತ್ತರಿಸುವ ಗುರುತನ್ನು ಅಲ್ಯೂಮಿನಿಯಂ ತಂತಿಯಿಂದ ಗೀಚುತ್ತಾರೆ. ಪೆನ್ಸಿಲ್ಲಾದರೆ ನೀರಿಗೆ ತೊಳೆದುಹೋಗುತ್ತದೆ.

ಆಕೆಯ ಬೆನ್ನ ಹಿಂದೆ ನಿಂತು ಏನೋ ಪ್ರಶ್ನೆ ಕೇಳಿದೆ. ಉತ್ತರವಿಲ್ಲ. ಮೋಟಾರು ನಿಂತಿದೆ, ಶೆಡ್ಡಿನಲ್ಲಿ ಗುಬ್ಬಿ ಚಿಲಿಪಿಲಿ ಬಿಟ್ಟರೆ ಸದ್ದಿಲ್ಲ. ಇನ್ನೂ ಜೋರಾಗಿ ಕೇಳಿದೆ. ಆಕೆ ಹೊರಳಲೇ ಇಲ್ಲ. ಮೂಲೆಯಲ್ಲಿ ಕಲ್ಲು ತೊಳೆಯುತ್ತಿದ್ದ ನಾದಿನಿ ಶಮಾ ನನ್ನ ರಟ್ಟೆ ಹಿಡಿದು ಎದುರಿಗೆ ತಂದು ಕೂರಿಸಿದರು.

"ಮಾರಿ ಕಾಣಬೇಕ್ರಿ. ಭಾಬಿ ತುಟಿ ನೋಡಿ ತಿಳ್ಕೋತಾಳ. ಮಿಷಿನ್ ಸಪ್ಪಳಕ್ಕ ಕಿವಿ ಹೋಗ್ಯಾವ. ಫೋನ್ ಬಂದ್ರ ನಾನ ಎತ್ತೂದು."

ವಿಜಯಪುರದ ಡ್ರಮ್ಮಿನ ಮಾಲೀಕ ಮಲ್ಲಿಕಾರ್ಜುನ ಅವರಿಗೆ ಇದು ಗೊತ್ತಿಲ್ಲ. ಗೊತ್ತಾದರೆ ಕೆಲಸ ಹೋದಂತೆಯೇ. ಯಾಕೆಂದರೆ ಈ ಕಸುಬಿನ ಜೀವ ಇರುವುದೇ ಕಿವಿಯಲ್ಲಿ. ಮೊಳೆಯಿಂದ ತಟ್ಟಿದರೆ ಗಟ್ಟಿ ಕಲ್ಲು ಟಣ್ ಎನ್ನುತ್ತದೆ, ಒಳಗೆ ಬಿರುಕಿದ್ದರೆ ಟಪ್ ಎನ್ನುತ್ತದೆ. ಬಿರುಕಿನ ಕಲ್ಲೊಂದು ಡ್ರಮ್ಮಿಗೆ ಹೋಗಿ ಒಡೆಯಿತೋ, ಅದರ ಚೂರುಗಳು ಉಳಿದೆಲ್ಲ ಕಲ್ಲುಗಳನ್ನೂ ಗೀರಿಬಿಡುತ್ತವೆ. ಕಿವಿ ಹೋದ ಮೇಲೆ ಮೂರು ವರ್ಷ ಕಣ್ಣಂದಾಜಿನ ಮೇಲೆ ನಡೆದಿತ್ತು, ಹಿಂದಿನ ಡ್ರಮ್ಮಿನಲ್ಲಿ ಹಾಗೇ ಆಯಿತು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಮಲ್ಲಿಕಾರ್ಜುನ ಹೇಳಿ ಕಳಿಸಿದರು. ಈಗಿನ ಡ್ರಮ್ಮು ಇವತ್ತು ಹನ್ನೊಂದಕ್ಕೆ ತೆರೆಯುತ್ತದೆ.

"ಆ ದಿನಾ ಭಾಳ ಅತ್ತೆ," ಎನ್ನುತ್ತಾರೆ ಮುಮತಾಜ. "ಮರುದಿನಾ ಕೈ ಎರಡೂ ರಾಡಿ ಆಗಿದ್ದೂ. ತಲಿ ಮ್ಯಾಲಿನ ಓಡಣಿ ಸರಿ ಮಾಡ್ಕೋಬೇಕಂತ ಕಲ್ಲ ಹಲ್ಲಾಗ ಹಿಡದೆ. ಕೈಯಾಗಿನ ಮೊಳಿ ಅದಕ್ಕ ಬಡೀತು. ಯಾ ಅಲ್ಲಾ! ತಲಿ ತುಂಬ ಟಣ್ ಅಂತು. ಮೂರು ವರ್ಷ ಆಗಿತ್ರಿ ಕಲ್ಲಿನ ಮಾತ ಕೇಳಿ. ಸಪ್ಪಳಾ ಅನ್ನೂದು ಕನಸಿನಾಗಷ್ಟ ಕೇಳತಿತ್ತು, ನಮ್ಮವ್ವ ರೊಟ್ಟಿ ಬಡಿಯೂದು, ಹೊನವಾಡ ಬಸ್ಸಿನ ಹಾರ್ನು. ಎಚ್ಚರಾದ್ರ ಎಲ್ಲಾ ಗಪ್ಪ. ಅವತ್ತ ಎಚ್ಚರಿದ್ದಾಗನ ಕೇಳಿತು."

ಅಂದಿನಿಂದ ಪ್ರತಿ ಕಲ್ಲೂ ಆಕೆಯ ಮುಂದಿನ ಹಲ್ಲಿನ ನಡುವೆ ಕೂತು, ಮೊಳೆಯ ಪೆಟ್ಟು ತಿಂದೇ ಮುಂದೆ ಹೋಗುತ್ತದೆ. ಈ ಡ್ರಮ್ಮಿಗೆ ಹೋದ ಐನೂರಾ ನಲವತ್ತೂ ಹಾಗೇ ಹೋದವು. "ಹಲ್ಲಿದ್ದವರಿಗೆ ಕಡ್ಲಿ ಇಲ್ಲ ಅಂತಾರ. ನಮ್ಮ ಭಾಬಿಗೆ ಕಲ್ಲ ಕಡ್ಲಿ," ಎಂದು ಶಮಾ ಚುಡಾಯಿಸುತ್ತಾರೆ. ಮುಮತಾಜ ನಗುವುದಿಲ್ಲ. "ಇದೊಂದ ಬರೀಬ್ಯಾಡ್ರಿ ಅಕ್ಕಾರ. ಕೈ ಮುಗೀತೇನಿ." ಬರೆಯುವುದಿಲ್ಲ ಎಂದು ಮಾತು ಕೊಟ್ಟು ಪುಸ್ತಕ ಮುಚ್ಚುತ್ತೇನೆ.

ಒಂಬತ್ತೂವರೆ ಬಸ್ಸಿಗೆ ಇಬ್ಬರೂ ವಿಜಯಪುರಕ್ಕೆ ಹೊರಡುತ್ತೇವೆ. ಕಿಟಕಿಯಾಚೆ ಬಿಸಿಲು ಮಂಜಿನ ಹಾಗೆ ಹರಡಿಕೊಂಡಿದೆ. ಆಕೆ ಬುರ್ಖಾದ ತುದಿಯನ್ನು ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಹಳೆ ಮನೆಯೊಂದರ ಪಡಸಾಲೆಯಲ್ಲಿ ಮಲ್ಲಿಕಾರ್ಜುನರ ಡ್ರಮ್ಮು ಆಗಲೇ ನಿಂತಿದೆ. ಅವರು ಮುಚ್ಚಳ ತೆಗೆದು, ಬೂದು ರಾಡಿಯನ್ನು ಜರಡಿಗೆ ಸುರಿದು ನೀರು ಹಾಕುತ್ತಾರೆ.

ರಾಡಿ ಇಳಿಯುತ್ತದೆ, ಒಳಗಿನಿಂದ ಜೇನಿನ ಬಣ್ಣ, ನೇರಳೆ, ಹೊಗೆ, ಸಂಜೆಗಳು ಒಂದೊಂದಾಗಿ ಮೇಲೇಳುತ್ತವೆ. ಮಲ್ಲಿಕಾರ್ಜುನ ಹಿಡಿ ಹಿಡಿಯಾಗಿ ಕಲ್ಲೆತ್ತಿ ಬಿಸಿಲಿಗೆ ಹಿಡಿದು ನೋಡುತ್ತಾರೆ. ಅರ್ಧ ತಾಸಾದರೂ ಒಂದು ಗೀರಿಲ್ಲ, ಒಂದು ಚೂರಿಲ್ಲ. ಬಗ್ಗಿದಲ್ಲಿಂದಲೇ ನನಗೆ ಹೇಳುತ್ತಾರೆ:

"ಬರ್ಕೊಳ್ರಿ ಮೇಡಮ್. ಈ ಮುಮತಾಜಬೀದು ಅದಾವಲ್ಲ ಕಿವಿ, ಇಡೀ ಜಿಲ್ಲಾದಾಗ ಅಂಥಾ ಕಿವಿ ಇಲ್ಲ. ಮಾತಾಡಿಸಿದ್ರ ಮಾತ್ರ ಹೊಳ್ಳಿ ನೋಡಂಗಿಲ್ಲ. ಸೊಕ್ಕಿನ ಹೆಣ್ಣಮಗಳು!"

"ಏನಂದ್ರು?" ಎಂದು ಮುಮತಾಜ ಕಣ್ಣಲ್ಲೇ ಕೇಳುತ್ತಾರೆ. ಎದುರಿಗೆ ನಿಂತು ತುಟಿ ಬಿಡಿಸಿ ಹೇಳುತ್ತೇನೆ. ಆಕೆ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ. ನಗು ತಟ್ಟನೆ ನಿಲ್ಲುತ್ತದೆ.

"ದುಡದದ್ದು ಹಲ್ಲು, ಹೆಸರು ಕಿವಿಗೇನ್ರಿ?"

ನಾನು ಬೇಡ ಬೇಡ ಎಂದು ತಲೆಯಾಡಿಸುವಷ್ಟರಲ್ಲಿ ಆಕೆ ಮಲ್ಲಿಕಾರ್ಜುನರ ಎದುರಿಗಿದ್ದಾರೆ. "ಸಾವಕಾರ್ರ, ನನಗ ಕೇಳಸಂಗಿಲ್ಲ. ಮೂರು ವರ್ಷ ಆತು." ಹಿಂದಿನ ಡ್ರಮ್ಮು ಹಾಳಾದದ್ದು ಯಾಕೆಂದೂ ಹೇಳುತ್ತಾರೆ. ಮಲ್ಲಿಕಾರ್ಜುನರ ಕೈ ಜರಡಿಯಲ್ಲೇ ಉಳಿಯುತ್ತದೆ. ಆಕೆ ಒಂದು ಕಲ್ಲನ್ನು ಹಲ್ಲಿಗಿಟ್ಟು ತಮ್ಮ ಕೈಚೀಲದೊಳಗಿನ ಮೊಳೆಯಿಂದ ತಟ್ಟಿ ತೋರಿಸುತ್ತಾರೆ. ಇನ್ನೊಂದು ಕಲ್ಲು ತೊಳೆದು ಅವರಿಗೆ ಕೊಟ್ಟು, ಎರಡೂ ಕಿವಿ ಬಿಗಿಯಾಗಿ ಮುಚ್ಚಿಕೊಳ್ಳಿ ಎಂದು ಸನ್ನೆ ಮಾಡುತ್ತಾರೆ. ಅರವತ್ತರ ಮಲ್ಲಿಕಾರ್ಜುನ ಕಲ್ಲು ಕಚ್ಚಿಕೊಂಡು, ಕಿವಿಗೆ ಬೆರಳಿಟ್ಟು ನಿಲ್ಲುತ್ತಾರೆ. ಮುಮತಾಜ ಮೊಳೆ ತಾಗಿಸುತ್ತಾರೆ.

"ಶಿವನ! ತಲಿಯಾಗ ಗಂಟಿ ಹೊಡದಂಗಾತಲ್ಲ!"

ಅವರು ಬಹಳ ಹೊತ್ತು ಕಲ್ಲನ್ನು ಅಂಗೈಯಲ್ಲಿ ಹೊರಳಿಸುತ್ತಾರೆ. ಆಮೇಲೆ ಆಕೆಯ ಮುಖದ ಮುಂದೆ ಬಂದು, ಒಂದೊಂದೇ ಮಾತು ಬಿಡಿಸಿ ಒದರುತ್ತಾರೆ: "ಮುಂದಿನ... ಕಲ್ಲಿನ... ಚೀಲ... ಯಾವಾಗ... ಒಯ್ತೀ?"

"ಈಗ ಕೊಡ್ರಿ. ಒದರಬ್ಯಾಡ್ರಿ, ಮೊದಲ ಆ ಮೀಸಿ ಕತ್ತರಿಸ್ಕೊಳ್ರಿ. ತುಟಿ ಕಾಣಸಂಗಿಲ್ಲ."

ಮಲ್ಲಿಕಾರ್ಜುನ ಮೀಸೆ ಸವರಿಕೊಳ್ಳುತ್ತ ಚೀಲ ತರಲು ಒಳಗೆ ಹೋಗುತ್ತಾರೆ. ಮುಮತಾಜ ನನ್ನ ಕಡೆ ಹೊರಳಿ, ಮುಚ್ಚಿಟ್ಟ ಪುಸ್ತಕದ ಮೇಲೆ ಬೆರಳಿಡುತ್ತಾರೆ.

"ಈಗ ಬರೀರಿ ಅಕ್ಕಾರ. ಕಿವಿ ಹೋಗ್ಯಾವ ಅಂತ ಬರೀರಿ. ಹಲ್ಲು ಗಟ್ಟಿ ಅದಾವ ಅಂತನೂ ಬರೀರಿ."